ಜ್ವರಗಡ್ಡೆ ಊರಿನ ಹೆಣ್ಣು

ನಮ್ಮ ಬೀದಿ ಬಾಳುವುದಕ್ಕೆ ಯೋಗ್ಯವಲ್ಲ ಎಂದು ತೀರ್ಪು ಕೊಟ್ಟವರು ಬಹಳ ಮಂದಿ. ಅವರಲ್ಲಿ ಒಬ್ಬರಾದರೂ ಅಲ್ಲಿ ಒಂದು ವಾರ ಇದ್ದು ನೋಡಿದವರಲ್ಲ. ಕೊಳ್ಳೇಗಾಲದ ಪೇಟೆಯವರು ಕಾವೇರಿಯಲ್ಲಿ ಮುಳುಗು ಹಾಕಲು ಬರುತ್ತಿದ್ದರು. ಮಿಂದು, ಬುತ್ತಿ ಬಿಚ್ಚಿ ಉಂಡು, ಹೊತ್ತಿಳಿಯುವ ಮುಂಚೆ ಗಾಡಿ ಕಟ್ಟುತ್ತಿದ್ದರು. ಕಟ್ಟುವಾಗ ಮೂಗಿಗೆ ವಲ್ಲಿ ಅಡ್ಡ ಹಿಡಿದುಕೊಂಡು, "ಈ ಗಾಳಿ ಕುಡ್ಕಂಡು ಎಂಗ್ ಬದುಕ್ತಾರೋ ಕಾಣೆ" ಎಂದು ನಮ್ಮ ಎದುರಿಗೇ ಅನ್ನುತ್ತಿದ್ದರು. ನಮ್ಮ ಹೊಳೆಯ ನೀರು ಬೇಕು, ನಮ್ಮ ಗದ್ದೆಯ ಅಕ್ಕಿ ಬೇಕು, ನಮ್ಮ ತೋಟದ ಎಳನೀರು ಬೇಕು, ಗಾಳಿ ಮಾತ್ರ ಬೇಡ. ಆ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ವಯಸ್ಸಾಯಿತು ಅಂತ ಉರಿಯೇನೂ ಕಡಿಮೆಯಾಗಿಲ್ಲ.

ನಾವಿದ್ದದ್ದು ಸತ್ತೇಗಾಲದ ಮಗ್ಗುಲಿಗೆ, ಹೊಳೆಗೆ ಅಂಟಿಕೊಂಡ ಒಂದು ಬೀದಿಯಲ್ಲಿ. ನಾನು ಹೇಳುತ್ತಿರುವುದು ಮಹಾಯುದ್ಧ ಮುಗಿದು, ರೇಷನ್ನು ಮುಗಿಯದೇ ಇದ್ದ ಕಾಲ. ಕೊಳ್ಳೇಗಾಲದ ಸೀಮೆ ಆಗ ಮದ್ರಾಸಿಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿನದು. ಅಲ್ಲಿಯವರಿಗೆ ನಾವು 'ಕೊಯಮತ್ತೂರು ಜಿಲ್ಲೆಯೋರು'. ಅದೊಂದು ಕಡಿಮೆ, ಅದರ ಮೇಲೆ 'ಜ್ವರಗಡ್ಡೆ ಊರೋರು' ಅನ್ನುವುದು ಇನ್ನೊಂದು ಕಡಿಮೆ. ಚಳಿಜ್ವರ ಮತ್ತೆ ಮತ್ತೆ ಬಂದವರಿಗೆ ಎಡಪಕ್ಕೆಲುಬಿನ ಕೆಳಗೆ ಒಂದು ಗಡ್ಡೆ ಬೆಳೆಯುತ್ತದೆ, ಅದಕ್ಕೆ ಜ್ವರಗಡ್ಡೆ ಎನ್ನುತ್ತಿದ್ದರು. ಅಂಥ ಹೆಣ್ಣು ಬಸಿರಾದರೆ ಉಳಿಯುವುದಿಲ್ಲ ಎಂಬ ನಂಬಿಕೆ. ಆದ್ದರಿಂದ ಹೊಳೆದಂಡೆಯ ಹೆಣ್ಣು ಎಂದರೆ ಮೇಲು ಸೀಮೆಯವರು ಹಿಂದೆಮುಂದೆ ನೋಡುತ್ತಿದ್ದರು.

ನಮ್ಮ ಊರಿನ ಹವೆ ಹೇಗಿತ್ತು ಎಂದು ಹೇಳುತ್ತೇನೆ, ಆಮೇಲೆ ನೀವೇ ತೀರ್ಪು ಕೊಡಿ. ಶಿವರಾತ್ರಿ ಕಳೆಯುತ್ತಲೇ ಹೊಳೆ ಬಡವಾಗಿ ಆಚೆ ದಡಕ್ಕೆ ಸರಿಯುತ್ತಿತ್ತು. ನಮ್ಮ ದಡದ ಕೆಳಗೆ ಬಂಡೆಗಳ ನಡುವೆ ಒಂದು ಆಳವಾದ ಮಡು ಮಾತ್ರ ತುಂಬಿಕೊಂಡು ಉಳಿಯುತ್ತಿತ್ತು. ಮಿಕ್ಕದ್ದೆಲ್ಲ ಮರಳು. ಕೊಳ್ಳೇಗಾಲದಲ್ಲಿ ಹೆಂಚು ಕಾದು ಒಳಗಿದ್ದವರು ಬೇಯುತ್ತಿದ್ದ ಆ ದಿನಗಳಲ್ಲಿ ನಮ್ಮ ಬೀದಿಯ ಬಾಗಿಲುಗಳಿಗೆಲ್ಲ ಚಿಲಕ ಬೀಳುತ್ತಿತ್ತು. ಇಡೀ ಬೀದಿ ಮರಳಿಗೆ ಇಳಿಯುತ್ತಿತ್ತು. 'ಮರಳಿಗಿಳಿಯೋದು' ಅಂತಲೇ ಅದಕ್ಕೆ ಹೆಸರು. ತೆಂಗಿನ ಗರಿಯ ಚಪ್ಪರ, ಮೂರು ಕಲ್ಲಿನ ಒಲೆ, ಒಂದು ಚಾಪೆ. ಕುಡಿಯುವ ನೀರು ಬೇಕಾದರೆ ಮರಳಿನಲ್ಲಿ ಮೊಣಕೈ ಆಳ ಕೆದಕಿದರೆ ಸಾಕು, ಒರತೆ ತಿಳಿಯಾಗಿ ಊರಿ ಬರುತ್ತಿತ್ತು. ಯಾವ ಮನೆಯ ಚಪ್ಪರ ಎಲ್ಲಿ ಎಂಬುದಕ್ಕೆ ಗುರುತಿನ ಕಲ್ಲು ಇರಲಿಲ್ಲ, ಆದರೂ ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋದದ್ದು ನಾನು ಕಂಡಿಲ್ಲ. ಮುಂಗಾರಿನ ಮೊದಲ ಗುಡುಗು ಕೇಳುವ ತನಕ ನಮ್ಮ ಬಾಳುವೆಯೆಲ್ಲ ಅಲ್ಲೇ.

ಗಂಡಸರು ತೋಟಕ್ಕೆ, ಗದ್ದೆಗೆ ಹೋದ ಮೇಲೆ ಮಡು ಹೆಂಗಸರದು. ನಡೆಯಲು ಬಂದ ಮಗುವಿಗೆ ನಮ್ಮಲ್ಲಿ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ಬಿಡುತ್ತಿದ್ದರು. ಗಂಡಾಗಲಿ ಹೆಣ್ಣಾಗಲಿ, ಭೇದವಿಲ್ಲ. ಹೊಳೆಯ ಪಕ್ಕ ಇದ್ದು ಈಜು ಬರದವರನ್ನು ಕಂಡರೆ ನಮಗೆ ನಗು. ಕೊರಳಿನ ಲಿಂಗವನ್ನು ವಸ್ತ್ರದಲ್ಲಿ ಬಿಗಿದು ಎದೆಗೆ ಕಟ್ಟಿಕೊಂಡು, ಸೀರೆಗೆ ಕಚ್ಚೆ ಹಾಕಿ, ದಂಡೆಯಿಂದ ನಡುಬಂಡೆಗೆ, ನಡುಬಂಡೆಯಿಂದ ದಂಡೆಗೆ ಪಂದ್ಯ ಕಟ್ಟುತ್ತಿದ್ದೆವು. ಮೊಸಳೆ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ಅದು ಬಿಸಿಲು ಕಾಯಿಸುವ ಬಂಡೆ ಕೆಳಗಿನ ತಿರುವಿನಲ್ಲಿತ್ತು, ನಮ್ಮ ಬಂಡೆ ಇಲ್ಲಿತ್ತು. ನಾವು ಅದರ ತಂಟೆಗೆ ಹೋಗುತ್ತಿರಲಿಲ್ಲ, ಅದು ನಮ್ಮ ತಂಟೆಗೆ ಬರುತ್ತಿರಲಿಲ್ಲ. ಪೇಟೆಯವರಿಗಿಂತ ಅದೇ ವಾಸಿ.

ಆಷಾಢದಲ್ಲಿ ನಮ್ಮ ತಲೆಯ ಮೇಲೆ ಹೇಳಿಕೊಳ್ಳುವಂಥ ಮೋಡವೂ ಇರುತ್ತಿರಲಿಲ್ಲ, ಬರೀ ಗಾಳಿ. ಎಲ್ಲೋ ಕೊಡಗಿನಲ್ಲಿ ಸುರಿದ ಮಳೆ ಕೆಂಪಗೆ ಬಂದು ಮರಳನ್ನೆಲ್ಲ ಮುಚ್ಚಿಬಿಡುತ್ತಿತ್ತು. ಅಷ್ಟರಲ್ಲಾಗಲೇ ಮೇಲೇರಿ ಮನೆ ಸೇರಿದ್ದ ನಾವು ಜಗಲಿಯ ಮೇಲೆ ಕುಳಿತು ತೇಲಿಹೋಗುವ ಮರಗಳನ್ನು ನೋಡುತ್ತಿದ್ದೆವು. ಹಿಂಗಾರು ಸುರಿದು ಗದ್ದೆ ಬಯಲಿನಲ್ಲಿ ನೀರು ನಿಂತ ಮೇಲೆ ಚಳಿಜ್ವರ ಬರುತ್ತಿತ್ತು. ಸುಳ್ಳು ಹೇಳುವುದಿಲ್ಲ, ಬರುತ್ತಿತ್ತು. ಕಂಬಳಿ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಅದರಲ್ಲೇ ಹೋದ. ಆ ನೋವು ನಮಗೆ ಗೊತ್ತಿಲ್ಲದ್ದಲ್ಲ, ಪೇಟೆಯವರು ಬಂದು ಹೇಳಿಕೊಡಬೇಕಾದ್ದೂ ಅಲ್ಲ.

ತಮ್ಮ ಹೋದ ಮೇಲೆ ನನ್ನ ಅಜ್ಜಿ, ಅಪ್ಪನ ತಾಯಿ, ಒಂದು ಪದ್ಧತಿ ಹಿಡಿದಳು. ಕಾರ್ತಿಕದ ಸೋಮವಾರಗಳಲ್ಲಿ ಬೀದಿಯ ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ನೀರು ಹಾಕಿಸಿ, ವಿಭೂತಿ ಇಟ್ಟು, ನಮ್ಮ ಜಗಲಿಯ ಮೇಲೆ ಸಾಲಾಗಿ ಮಲಗಿಸುವುದು. ಆಮೇಲೆ ಒಬ್ಬೊಬ್ಬರ ಎಡಪಕ್ಕೆಯ ಕೆಳಗೆ ಬೆರಳು ಊರಿ, "ಉಸ್ರು ಎಳಿ" ಎನ್ನುವುದು. ಗಡ್ಡೆ ಇದ್ದರೆ ಉಸಿರಿನ ಜೊತೆ ಇಳಿದು ಬೆರಳಿಗೆ ತಾಗುತ್ತದೆ. ತಾಗಿದವರಿಗೆ ನೆಲಬೇವಿನ ಕಷಾಯ, ಅದರ ಮೇಲೆ ಅಂಚೆ ಕಚೇರಿಯಲ್ಲಿ ಮಾರುತ್ತಿದ್ದ ಕ್ವಿನೈನ್ ಪುಡಿ. ಎರಡರಲ್ಲಿ ಯಾವುದು ಹೆಚ್ಚು ಕಹಿ ಎಂದು ನಾವು ವಾದ ಮಾಡುತ್ತಿದ್ದೆವು. ಅಜ್ಜಿಯ ಬೆರಳು ಸೆಟೆದುಕೊಂಡ ಮೇಲೆ ಆ ಕೆಲಸ ನನಗೆ ಬಂತು. ಎಷ್ಟೋ ಮಕ್ಕಳ ಗಡ್ಡೆ ವರ್ಷ ತಿರುಗುವುದರೊಳಗೆ ಕರಗಿದ್ದನ್ನು ನನ್ನ ಕೈಯೇ ನೋಡಿದೆ.

ಇಷ್ಟೆಲ್ಲ ಇದ್ದರೂ ಊರಿನ ಹೆಸರು ಹಾಗೇ ಉಳಿಯಿತು. ನನಗೆ ಬಂದ ಮೊದಲ ಸಂಬಂಧ ಹನೂರಿನದು. ಊರ ಹೆಸರು ಕೇಳಿ ಹಿಂದಕ್ಕೆ ಹೋಯಿತು. ಎರಡನೆಯದು ಕೊಳ್ಳೇಗಾಲದ್ದು, ಬಾಗಿಲ ತನಕ ಬಂದು ಹೋಯಿತು. ನನ್ನ ಕೆಳಗೆ ಇಬ್ಬರು ತಂಗಿಯರು. ಅಪ್ಪ ಮಾತು ಕಡಿಮೆಯ ಮನುಷ್ಯ. ಜನ ಊರನ್ನು ಅಂದಾಗ ತಲೆ ತಗ್ಗಿಸಿ ಎಲೆಗೆ ಸುಣ್ಣ ಸವರುತ್ತಾ ಕೂರುವವರು. ಒಂದು ದಿನ ಊಟಕ್ಕೆ ಕುಳಿತವರು ತಲೆಯೆತ್ತದೆ ಹೇಳಿದರು:

"ಕೊಳ್ಳೇಗಾಲದಲ್ಲಿ ಒಂದ್ ಮನೆ ಖಾಲಿ ಅದೆ. ಯಳಂದೂರೋರು ಈ ಬ್ಯಾಸ್ಗೇಲಿ ನೋಡಕ್ ಬತ್ತಾವ್ರೆ. ಈ ಸಂಬಂಧ ಕೂಡುದ್ರೆ ಸರಿ. ಇದೂ ತಪ್ಪೋದ್ರೆ ಮನೆ ಮಾರ್ಬುಟ್ಟು, ಜಮೀನ ವಾರಕ್ಕೆ ಕೊಟ್ಟು ಓಗ್ಬುಡಾವ. ಮೂರ್ ಎಣ್ಣ ಇಟ್ಕಂಡು ನಾನಿಲ್ಲಿ ಕುಂತಿರಕಾಗದಿಲ್ಲ."

ಅವ್ವ ಸುಮ್ಮನೆ ತಲೆಯಾಡಿಸಿದಳು. ಅಜ್ಜಿ ಮುದ್ದೆ ಮುರಿಯುವುದನ್ನು ನಿಲ್ಲಿಸಿ, "ನಾ ಬರಕಿಲ್ಲ ಕಣಪ್ಪ. ನನ್ನ ಇಲ್ಲೇ ಮಣ್ಣು ಮಾಡ್ಬುಟ್ಟು ಓಗು" ಎಂದಳು. ಕೊಳ್ಳೇಗಾಲದ ಆ ಮನೆಯನ್ನು ನಾನು ನೋಡಿದ್ದೆ. ಬೀದಿಯ ಕಡೆ ಒಂದು ಕಂಡಿ, ಹಿಂದೆ ಕೈಸಾಲೆಯಷ್ಟು ಅಂಗಳ. ಅಲ್ಲಿ ನನ್ನ ತಂಗಿಯರು ಮೈ ನೆರೆದ ದಿನದಿಂದ ಒಳಗೇ ಕೂರಬೇಕು, ಮದುವೆಯಾಗಿ ಇನ್ನೊಂದು ಒಳಗಿಗೆ ಹೋಗಬೇಕು. ನಾನು ಹೇಗಿದ್ದರೂ ಹೋಗುವವಳೇ. ಹೋದರೂ ಮನೆ ಉಳಿಯಲಿ, ಅವರಿಬ್ಬರಿಗೆ ಮರಳು ಉಳಿಯಲಿ ಎಂದು ನಿಶ್ಚಯ ಮಾಡಿಕೊಂಡೆ. ಯಳಂದೂರಿನ ಗಂಡು ಕುಂಟನೋ ಕುರುಡನೋ, ಒಪ್ಪಿಬಿಡುವುದು ಎಂದು ಅಜ್ಜಿಗೆ ಹೇಳಿದೆ. ಅವಳು, "ನೋಡಾದ್ ನೋಡ್ಕೊ. ಆಮೇಲ್ ಒಪ್ಪು" ಎಂದಳು.

ವೈಶಾಖದಲ್ಲಿ ಬಂದರು. ಹಿಂದಿನ ದಿನ ಕೊಳ್ಳೇಗಾಲದ ನೆಂಟರ ಮನೆಯಲ್ಲಿ ತಂಗಿ, ಬೆಳಿಗ್ಗೆ ಗಾಡಿ ಕಟ್ಟಿಸಿಕೊಂಡು ಬಂದವರು ಮೂರು ಜನ. ಗಂಡು, ಗಂಡಿನ ತಂದೆ, ಗಂಡಿನ ಸೋದರತ್ತೆ. ಆ ಸೋದರತ್ತೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವರು. ಮನೆಯ ಹೆಣ್ಣುಗಳ ವಿಚಾರವೆಲ್ಲ ಅವರ ತೀರ್ಮಾನ ಎಂದು ಮೊದಲೇ ಹೇಳಿ ಕಳಿಸಿದ್ದರು. ಹೂವಿಲ್ಲದ ತುರುಬು, ಅಗಲವಾದ ವಿಭೂತಿ, ಒಣಗಿದ ಮುಖ.

ಅಪ್ಪ ಅಲ್ಲಿ ಒಂದು ತಪ್ಪು ಮಾಡಿದರು. ಇಡೀ ಬೀದಿ ಮರಳಿನಲ್ಲಿ ಚಪ್ಪರದ ಕೆಳಗೆ ತಂಪಾಗಿ ಕೂತಿದ್ದಾಗ, 'ಮರಳಲ್ಲಿ ಬಿದ್ಕಂಡಿರೋ ಜನ ಅಂದ್ಕಂಡಾರು' ಎಂದು ಹೆದರಿ, ನಮ್ಮನ್ನೆಲ್ಲ ಮೇಲಕ್ಕೆ ಹತ್ತಿಸಿ, ಮುಚ್ಚಿದ ಮನೆ ತೆಗೆಸಿ, ಜಮಖಾನ ಹಾಸಿಸಿದರು. ಮನೆ ಕಾದ ಒಲೆಯಾಗಿತ್ತು. ಬಂದವರು ಬೆವರು ಒರೆಸಿ ಒರೆಸಿ ಸುಸ್ತಾದರು. ಗಂಡಿನ ತಂದೆ ಪಾನಕ ಕುಡಿಯುತ್ತಾ, "ನಮ್ಮ ಯಳಂದೂರ್ ಕಡೆ ಗಾಳಿ ಚೆಂದ. ಬೆಟ್ಟದ್ ಗಾಳಿ. ಜ್ವರ ಅನ್ನಾದ್ನೆ ಕಾಣೆವು ಕಣ್ರಿ" ಎಂದರು. ಅಪ್ಪ ಎಂದಿನ ಹಾಗೆ ಎಲೆಗೆ ಸುಣ್ಣ ಸವರಿದರು. ಗಂಡು ಹೊಸ್ತಿಲನ್ನೇ ನೋಡುತ್ತಾ ಕುಳಿತಿದ್ದ. ಆತನ ಬಗ್ಗೆ ಹೇಳುವುದಕ್ಕೆ ನನಗೆ ಅಷ್ಟೇ ಗೊತ್ತು.

ನಾನು ಬಂದು ಶರಣು ಮಾಡಿ ಎದ್ದೆ. ಸೋದರತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಳಿಕ್ಕೆ ನಡೀರಿ, ಮನಿಗ್ಸಿ ನೋಡ್ಬೇಕು" ಎಂದರು. ಏನು ನೋಡುವುದು ಎಂದು ಯಾರೂ ಕೇಳಲಿಲ್ಲ. ಹೊಳೆದಂಡೆಯ ಹೆಣ್ಣು ನೋಡುವುದಕ್ಕೆ ಬಂದವರು ಮುಖ ನೋಡುವುದಕ್ಕಿಂತ ಮೊದಲು ಎಡಪಕ್ಕೆ ನೋಡುತ್ತಾರೆ ಎಂದು ಊರಿಗೆಲ್ಲ ಗೊತ್ತಿತ್ತು.

ನಡುಮನೆಯ ಕೋಣೆಯಲ್ಲಿ ಚಾಪೆ ಹಾಸಿದ್ದರು. ಅವ್ವ, ಅಜ್ಜಿ ಬಾಗಿಲ ಹತ್ತಿರ ನಿಂತರು. ನಾನು ಮಲಗಿದೆ. ಸೋದರತ್ತೆ ಬೆರಳು ಊರಿದರು. ಹಸುವಿನ ಕೆಚ್ಚಲು ಮುಟ್ಟಿ ನೋಡುವವರು ಅದಕ್ಕಿಂತ ಮೆತ್ತಗೆ ಮುಟ್ಟುತ್ತಾರೆ. ನಾನು ಹಲ್ಲು ಕಚ್ಚಿಕೊಂಡು ಸೂರು ನೋಡಿದೆ. ಮನೆ ಉಳಿಯಬೇಕು, ಮನೆ ಉಳಿಯಬೇಕು ಎಂದು ಒಳಗೇ ಹೇಳಿಕೊಂಡೆ. ಒತ್ತಿದರು, ತಡವಿದರು, ಮತ್ತೆ ಒತ್ತಿದರು. ಕೊನೆಗೆ, "ಇವ್ಳಿಗೇನೂ ಇಲ್ಲ" ಎಂದರು. ಅದರಲ್ಲಿ ಸಂತೋಷ ಏನೂ ಇರಲಿಲ್ಲ.

ನಾನು ಏಳುವಷ್ಟರಲ್ಲಿ, "ಇವಳ ತಂಗೀರ್ನೂ ಕರೀರಿ. ಒಬ್ಳಿಗಿಲ್ದಿದ್ರೆ ಇನ್ನೊಬ್ಳಿಗಿರ್ತದೆ. ಮನೆ ರಕ್ತ ನೋಡ್ಬೇಕಲ್ವಾ" ಎಂದರು.

ದೊಡ್ಡ ತಂಗಿಯನ್ನು ಕರೆದರು. ಅವಳು ಬಲು ನಾಚಿಕೆಯವಳು. ಮಲಗಿದಳು. ಆ ಕೈ ಊರಿದ ಕೂಡಲೇ ಅವಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯಿತು, ಸದ್ದಿಲ್ಲ. ನನ್ನ ಪಕ್ಕೆ ಒತ್ತಿದಾಗ ತಡೆದುಕೊಂಡವಳಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ಮದುವೆ, ಮನೆ, ಎಲ್ಲ ಮರೆತುಹೋಯಿತು.

"ಅತ್ತೆ, ಅವಳ್ನ ಬುಡಿ" ಎಂದೆ. "ಈಗ ನೀವ್ ಮನಿಕ್ಕಳಿ."

"ಏನಂದೆ?"

"ನಮ್ ಮನೆ ರಕ್ತ ನೀವ್ ನೋಡುದ್ರಿ. ನಿಮ್ ಮನೆ ರಕ್ತ ನಾನ್ ನೋಡ್ಬ್ಯಾಡ್ವಾ? ನಾಳೆ ಬಂದು ಬಾಳೋಳು ನಾನು."

ಅವ್ವ ನನ್ನ ತೋಳು ಹಿಂಡಿದಳು. ಅಜ್ಜಿ ಮಾತ್ರ ಬಾಗಿಲಿಗೆ ಒರಗಿಕೊಂಡು, "ಕೇಳಾದ್ರಲ್ಲಿ ತಪ್ಪೇನದೆ? ನಿಮ್ ಊರಲ್ಲಿ ಜ್ವರಾನೇ ಇಲ್ಲ ಅಂತ ನಿಮ್ಮಣ್ಣನೇ ಅಂದ್ರಲ್ಲ. ಎದರ್ಕೆ ಯಾಕೆ? ಮನಿಕ್ಕೊ ತಾಯಿ" ಎಂದಳು.

ಆಕೆಗೆ ಬೇರೆ ದಾರಿ ಇರಲಿಲ್ಲ. ಬೇಡ ಎಂದರೆ ಏನೋ ಇದೆ ಎಂದಾಗುತ್ತದೆ. ಸೆರಗು ಸರಿಮಾಡಿಕೊಂಡು ಮಲಗಿದರು. ನಾನು ಪಕ್ಕದಲ್ಲಿ ಕುಳಿತು ಬೆರಳಿಟ್ಟೆ. ಒತ್ತಲಿಲ್ಲ, ಇಟ್ಟೆ ಅಷ್ಟೆ. "ಉಸ್ರು ಎಳೀರಿ" ಎಂದೆ. ಎಳೆದರು.

ಒಣ ಕೊಬ್ಬರಿಯ ಅಂಚಿನ ಹಾಗೆ ಗಟ್ಟಿಯಾದದ್ದೊಂದು ಇಳಿದು ಬಂದು ನನ್ನ ಬೆರಳಿಗೆ ತಾಗಿತು. ನಾನು ನಮ್ಮ ಬೀದಿಯ ಮಕ್ಕಳಲ್ಲಿ ಅಷ್ಟು ದೊಡ್ಡದನ್ನು ಕಂಡಿರಲಿಲ್ಲ. ಎಷ್ಟು ವರ್ಷದ ಚಳಿಜ್ವರವೋ ಅದು. ಬೆಟ್ಟದ ಗಾಳಿಯ ಊರಿನಲ್ಲಿ, ಕೆರೆಗಳ ಕೆಳಗಿನ ಗದ್ದೆ ಬಯಲಿನಲ್ಲಿ, ಆ ಹೆಂಗಸು ಯಾರಿಗೂ ಹೇಳದೆ ಒಬ್ಬರೇ ನಡುಗಿಕೊಂಡು ಬಂದಿದ್ದರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕಿದರಂತೆ. ಆ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆಕೆ ನನ್ನ ಮಣಿಕಟ್ಟು ಹಿಡಿದರು. ಕೈ ಕೆಂಡದ ಹಾಗೆ ಸುಡುತ್ತಿತ್ತು. ಕಣ್ಣು ನನ್ನನ್ನು ಬೇಡುತ್ತಿತ್ತು.

"ಏನವ್ವ?" ಎಂದು ಅಜ್ಜಿ ಕೇಳಿದಳು.

ನಾನು ಕೈ ತೆಗೆದೆ. ಚಾಪೆಯಿಂದ ಪಕ್ಕಕ್ಕೆ ಸರಿದೆ.

ಆಕೆ ಎದ್ದರು, ಮುಖ ಒರೆಸಿಕೊಂಡರು, ಹೊರಗೆ ಹೋದರು. ನಾವು ಹಿಂದೆಯೇ ಬಂದೆವು. ಜಗಲಿಯ ಮೇಲೆ ಕಾಯುತ್ತಿದ್ದ ಅಣ್ಣನಿಗೆ ಅವರು ಹೇಳಿದ್ದು ಇಷ್ಟು: "ಉಡ್ಗಿ ಎಡ್ಪಕ್ಕೇಲಿ ಗಡ್ಡೆ ಅದೆ. ಏಳು ಅಣ್ಣ, ಓಗವ."

ಆಕೆ ಯಾಕೆ ಹಾಗೆ ಹೇಳಿದರು ಎಂದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಗುಟ್ಟು ತಿಳಿದ ಸೊಸೆ ಮನೆಗೆ ಬರಬಾರದು, ಅಷ್ಟೇ. ಆದರೆ ಅಪ್ಪನಿಗೆ ಏನು ಗೊತ್ತು? ಅವರ ಮುಖ ಬಿದ್ದುಹೋಯಿತು. ನನ್ನ ಕಡೆ ತಿರುಗಿ, "ನಿಜವಾ ಮಗ?" ಎಂದರು. ಒಂದು ಮಾತು ಸಾಕಿತ್ತು. ಗಡ್ಡೆ ಇರುವುದು ನನಗಲ್ಲ, ಅವರಿಗೆ ಎಂದಿದ್ದರೆ ಮುಗಿದಿತ್ತು. ಅಣ್ಣನ ಮನೆಯಲ್ಲಿ ಉಣ್ಣುವ ಹೆಂಗಸು, ರೋಗದ ಮೈ ಎಂದು ಹತ್ತು ಜನರ ಮುಂದೆ ತಿಳಿದರೆ ಆಕೆಯ ಗತಿ ಏನು ಎಂದು ಯೋಚಿಸುವಷ್ಟು ಬುದ್ಧಿ ನನಗೆ ಆಗ ಇತ್ತೆಂದು ಹೇಳಿಕೊಳ್ಳುವುದಿಲ್ಲ. ಮಣಿಕಟ್ಟಿನ ಮೇಲೆ ಆ ಬಿಸಿ ಇನ್ನೂ ಇತ್ತು. ಅದು ನನ್ನ ಬಾಯಿ ಕಟ್ಟಿತು. ಆದರೆ ಬಾಯಿ ಕಟ್ಟಿತು ಅಂತ ಸುಮ್ಮನೆ ಕೂರುವ ಜಾತಿ ನಾನಲ್ಲ.

"ಸುಳ್ಳು ಕಣಪ್ಪ" ಎಂದೆ. "ಗಡ್ಡೆ ಇರೋಳು ಮಡು ಈಸಕ್ಕಾಗದಿಲ್ಲ. ಬನ್ನಿ, ಎಲ್ರೂ ನೋಡ್ಬನ್ನಿ."

ಜಗಲಿ ಇಳಿದು ನಡೆದೆ. ಅವ್ವ ಕೂಗಿದಳು. ಅಪ್ಪ, "ನಿಂತ್ಕೊ" ಎಂದರು. ನಾನು ನಿಲ್ಲಲಿಲ್ಲ. ಬಂದವರ ಗಾಡಿಯನ್ನು ಕಟ್ಟಿದ್ದು ದಡದ ಹೊಂಗೆಮರದ ಕೆಳಗೆ, ಹಾಗಾಗಿ ಅವರೂ ಅದೇ ದಾರಿಯಲ್ಲಿ ಬರಲೇಬೇಕಿತ್ತು. ಮರಳಿನ ಮೇಲಿದ್ದ ಬೀದಿಯೆಲ್ಲ ಎದ್ದು ನಿಂತಿತು. ಹೆಣ್ಣು ನೋಡಲು ಬಂದ ಗಂಡಸರ ಎದುರಿಗೆ, ನೆತ್ತಿಯ ಮೇಲೆ ಸೂರ್ಯ ಇರುವಾಗ, ನಮ್ಮ ಮನೆಯ ಹೆಣ್ಣು ನೀರಿಗೆ ಬೀಳುವುದು ಅಂದರೆ ಅದು ಆಗಬಾರದ ಕೆಲಸ. ಗೊತ್ತಿತ್ತು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ ಎನ್ನುತ್ತಾರೆ. ನೀರಿನ ಊರಲ್ಲೇ ಹುಟ್ಟಿದವಳು ಯಾರಿಗೆ ಹೆದರಬೇಕು ಎಂದುಕೊಂಡೆ. ಲಿಂಗದ ವಸ್ತ್ರ ಬಿಗಿದೆ. ರೇಷ್ಮೆ ಸೀರೆಗೆ ಕಚ್ಚೆ ಹಾಕಿದೆ. ಬಿದ್ದೆ.

ಕಾದ ಮೈಗೆ ಆ ನೀರು ತಾಗಿದ ಸುಖವನ್ನು ಏನೆಂದು ಹೇಳಲಿ. ಮೇಲೆ ಒಂದು ಗೇಣು ಬೆಚ್ಚಗೆ, ಕೆಳಗೆ ಕೊರೆಯುವ ತಣ್ಣಗೆ. ರೇಷ್ಮೆ ಭಾರವಾಗಿ ಕಾಲಿಗೆ ಸುತ್ತಿಕೊಂಡಿತು, ಒದ್ದು ಬಿಡಿಸಿಕೊಂಡೆ. ಮಡುವಿನ ನಡುವೆ ಬಂದಾಗ ಕಿವಿಯಲ್ಲಿ ನೀರಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಯಳಂದೂರು ಇಲ್ಲ, ಕೊಳ್ಳೇಗಾಲ ಇಲ್ಲ, ಯಾವಳ ಕೈಯೂ ಇಲ್ಲ. ಈ ಊರಿನಲ್ಲಿ ಬಾಳಲಾಗದು ಎಂದವರ ಬಾಯಿಗೆ ಬೆಂಕಿ ಬೀಳಲಿ ಎಂದು ನೀರಿನೊಳಗೇ ಬೈದೆ. ನಡುಬಂಡೆ ಮುಟ್ಟಿ, ಅದರ ಮೇಲೆ ಹತ್ತಿ ನಿಂತು, ಎಲ್ಲರಿಗೂ ಕಾಣಿಸಿಕೊಂಡು, ಮತ್ತೆ ಧುಮುಕಿ ವಾಪಸು ಬಂದೆ. ಮರಳಿನ ಮೇಲಿಂದ ಯಾರೋ ಹೆಂಗಸರು 'ಭಲೆ' ಎಂದರು.

ದಡಕ್ಕೆ ಬಂದಾಗ ನನಗೆ ಕೈ ಕೊಟ್ಟವರು ಯಾರು ಎಂದುಕೊಂಡಿರಿ? ಆ ಸೋದರತ್ತೆ. ಸೀರೆಯ ಅಂಚು ನೆನೆಯುವುದನ್ನೂ ನೋಡದೆ ನೀರಿಗೆ ಇಳಿದು ನಿಂತಿದ್ದರು. ನ್ಯಾಯವಾಗಿ ನಾನು ಆ ಕೈಯನ್ನು ತಳ್ಳಬೇಕಿತ್ತು. ಹಿಡಿದುಕೊಂಡೆ. ಆಕೆ ನನ್ನನ್ನು ಮೇಲಕ್ಕೆಳೆದು, ಅಣ್ಣನ ಕಡೆ ತಿರುಗಿ, "ಉಡ್ಗಿಗೆ ಏನೂ ಇಲ್ಲ ಅಣ್ಣ. ನಾ ಯೋಳಿದ್ದು ಸುಳ್ಳು. ಗಡ್ಡೆ ಇರಾದು ನಂಗೆ" ಎಂದರು.

ಗಂಡಿನ ತಂದೆ ತಂಗಿಯ ಮಾತನ್ನು ಕೇಳಿಸಿಕೊಂಡರೋ ಇಲ್ಲವೋ. ನನ್ನನ್ನು ನೋಡಿ ಹೇಳಿದರು: "ಜ್ವರ ಇಲ್ದಿದ್ರೇನು. ಗಂಡಸ್ರ ಮುಂದೆ ಮೈ ನೆನ್ಸ್ಕಂಡ್ ಬಂದೋಳು ನಮ್ ಮನೆಗೆ ಬ್ಯಾಡ."

ಆಗ ಅಪ್ಪ ಮಾತಾಡಿದರು. ಅವರ ದನಿ ಅಷ್ಟು ಗಟ್ಟಿ ಎಂದು ಅವ್ವನಿಗೂ ಗೊತ್ತಿರಲಿಲ್ಲವಂತೆ.

"ಯಜಮಾನ್ರೆ, ಜ್ವರ ಅದೆ ಅಂದ್ರೂ ಬ್ಯಾಡ ಅಂದ್ರಿ. ಜ್ವರ ಇಲ್ಲ ಅಂತ ಮಗ ತೋರ್ಸುದ್ರೆ ಅದಕ್ಕೂ ಬ್ಯಾಡ ಅಂದ್ರಿ. ನಿಮಗೆ ಬೇಕಾಗಿರಾದು ಎಣ್ಣಲ್ಲ ಬುಡಿ. ಬಿಸ್ಲು ಜೋರಾಗದೆ, ಒರತೆ ನೀರ್ ಕುಡ್ಕಂಡು ಓಗಿ. ನಿಮ್ ತಂಗಿಗೆ ಮೈ ಸರಿ ಇಲ್ಲ. ಗಾಡಿ ನಿಧಾನಕ್ ಒಡೀರಿ."

ಹೊರಡುವ ಮುಂಚೆ ಅಜ್ಜಿ ಒಂದು ಕಟ್ಟು ನೆಲಬೇವನ್ನೂ, ಮನೆಯಲ್ಲಿದ್ದಷ್ಟು ಕ್ವಿನೈನ್ ಪೊಟ್ಟಣಗಳನ್ನೂ ತಂದು ಗಾಡಿಯಲ್ಲಿ ಆಕೆಯ ಮಡಿಲಿಗೆ ಹಾಕಿದಳು. ಆಕೆ ಮುಖ ಮುಚ್ಚಿಕೊಂಡಿದ್ದರು. ಆಮೇಲೆ ಅವರ ಸುದ್ದಿ ನಮಗೆ ತಿಳಿಯಲಿಲ್ಲ. ಆ ಅಣ್ಣನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಆಕೆಯ ಮೇಲೆ ಅವತ್ತೇ ಹೋಯಿತು.

ಮಾರನೆಯ ಬೆಳಿಗ್ಗೆ ಅಪ್ಪ ಕೊಳ್ಳೇಗಾಲಕ್ಕೆ ನಡೆದುಹೋದರು. ಇಳಿಹೊತ್ತಿಗೆ ಬಂದು, ಕಾಲು ತೊಳೆದು, ಚಪ್ಪರದ ಕೆಳಗೆ ಕುಳಿತು, "ಆ ಮನೆ ಬ್ಯಾಡ ಅಂತ ಯೋಳ್ಬುಟ್ ಬಂದೆ" ಎಂದರು. ಅವ್ವ ಅಳುವುದಕ್ಕೆ ಶುರುಮಾಡಿದಳು. ಮೂರು ಹೆಣ್ಣುಗಳನ್ನು ಯಾರು ಕೊಂಡುಹೋಗುತ್ತಾರೆ, ಈ ಗಂಡುಬೀರಿಯ ಹೆಸರು ಈಗ ನಾಲ್ಕು ಊರು ತಿರುಗುತ್ತದೆ ಎಂದಳು. ಅಪ್ಪ, "ಬೇಕಾದೋರು ಇಲ್ಲಿಗೇ ಬರ್ಲಿ. ಬಂದು ಮರಳ್ ಮೇಲೆ ಕುಂತ್ಕಂಡು ಮಾತಾಡ್ಲಿ" ಎಂದರು. ನನಗೆ ಆ ಹೊತ್ತು ಎದ್ದು ಅವರ ಕಾಲು ಹಿಡಿಯಬೇಕು ಎನ್ನಿಸಿತು. ಹಿಡಿಯಲಿಲ್ಲ, ಅಂಥ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ.

ಅವ್ವ ಹೇಳಿದ್ದೂ ಸುಳ್ಳಾಗಲಿಲ್ಲ. ನನ್ನ ಹೆಸರು ತಿರುಗಿತು. ಕೊಳ್ಳೇಗಾಲದ ಸಂತೆಯಲ್ಲಿ, ಹನೂರಿನ ಸಂತೆಯಲ್ಲಿ, 'ಗಂಡು ನೋಡಕ್ ಬಂದಾಗ ಒಳೆಗೆ ಬಿದ್ದೋಳು' ಎಂದರೆ ನಾನೇ. ಒಬ್ಬೊಬ್ಬರು ಒಂದೊಂದು ಸೇರಿಸಿದರು. ಕೊನೆಗೆ ನಾನು ಮೊಸಳೆಯ ಬೆನ್ನ ಮೇಲೆ ಕುಳಿತು ಬಂದೆ ಎಂಬಲ್ಲಿಗೂ ಹೋಯಿತು. ಒಂದು ಬೇಸಿಗೆ ಕಳೆಯಿತು, ಯಾರೂ ಬರಲಿಲ್ಲ. ಅವ್ವ ನನ್ನೊಡನೆ ಮಾತು ಕಡಿಮೆ ಮಾಡಿದಳು. ನಾನು ಮಡುವಿನಲ್ಲಿ ಬೀದಿಯ ಮಕ್ಕಳಿಗೆ ಈಜು ಕಲಿಸುತ್ತಾ ಇದ್ದೆ. ತಪ್ಪು ಮಾಡಿದೆನಲ್ಲ ಎಂದು ಒಂದು ದಿನವೂ ಅನ್ನಿಸಲಿಲ್ಲ. ಒಂಟಿಯಾಗಿ ಉಳಿಯುತ್ತೇನೇನೋ ಎಂದು ಹೆದರಿಕೆ ಆದದ್ದುಂಟು. ಅದು ಬೇರೆ, ಇದು ಬೇರೆ.

ಅದರ ಮುಂದಿನ ಬೇಸಿಗೆಯಲ್ಲಿ ಕೌದಳ್ಳಿ ಕಡೆಯ ಒಂದು ಊರಿನಿಂದ ಒಬ್ಬ ಹೆಂಗಸು ಬಂದರು, ತನ್ನ ಅಣ್ಣನನ್ನು ಜೊತೆಗೆ ಕರೆದುಕೊಂಡು. ಒಣ ಸೀಮೆಯವರು. ರಾಗಿ, ಹುರುಳಿ, ಮೇಲೆ ಕಾಡು. ಅಪ್ಪ ಈ ಸಲ ಯಾವ ಬಾಗಿಲನ್ನೂ ತೆಗೆಸಲಿಲ್ಲ, ಚಪ್ಪರದ ಕೆಳಗೇ ಚಾಪೆ ಹಾಸಿದರು. ಆಕೆ ಒರತೆಯ ನೀರು ಕುಡಿದು, ಮಡುವನ್ನೂ ಅದರಲ್ಲಿ ಬಡಿದಾಡುತ್ತಿದ್ದ ಮಕ್ಕಳನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ಪಕ್ಕೆ ಮುಟ್ಟಲಿಲ್ಲ, ಅಡುಗೆ ಬರುತ್ತದೆಯೇ ಎಂದು ಕೇಳಲಿಲ್ಲ.

"ನೀನು ಈಸ್ತೀಯ ಅಂತಾರಲ್ಲ, ದಿಟ್ವಾ ಕೂಸೆ?"

"ದಿಟ" ಎಂದೆ. ಇನ್ನೇನು ಬೈಗುಳ ಬರುತ್ತದೆ ಎಂದು ಸೊಂಟಕ್ಕೆ ಕೈ ಕೊಟ್ಟು ನಿಂತೆ.

"ನಮ್ಮೂರಲ್ಲಿ ಒಳೆ ಇಲ್ಲ ಕಣವ್ವ. ಊರಿಗೊಂದು ಬಾವಿ. ನನ್ ಚಿಕ್ ಮಗ ಬಿದ್ಬುಟ್ಟ. ಊರ್ ಗಂಡಸ್ರೆಲ್ಲ ಸುತ್ತ ನಿಂತಿದ್ರು. ಅಗ್ಗ ಬುಟ್ರು, ಕೊಡ ಬುಟ್ರು. 'ಅವ್ವಾ' ಅಂದದ್ದು ಕೇಳ್ತಿತ್ತು. ಇಳಿಯೋರು ಒಬ್ರೂ ಇರ್ನಿಲ್ಲ, ಯಾರ್ಗೂ ಈಸಾಕ್ ಬರದಿಲ್ಲ." ಆಕೆ ಅಳಲಿಲ್ಲ. ಹೇಳಿ ಹೇಳಿ ಅಳು ಮುಗಿದುಹೋದವರ ಮುಖ. "ದೊಡ್ ಮಗ ಅವ್ನೆ. ಒಳ್ಳೇವ್ನು. ನೀನ್ ನಮ್ಮೂರ್ಗೆ ಬತ್ತೀಯಾ?"

ನನ್ನ ಬಾಯಿಂದ ಬಂದದ್ದು ಪ್ರಶ್ನೆಯೇ. "ಬಾವಿಗೆ ಮೆಟ್ಲವಾ ಅತ್ತೆ?"

"ಇಲ್ಲ. ರಾಟೆ ಬಾವಿ."

"ಮೆಟ್ಲಿಲ್ದಿದ್ರೆ ನಾ ಇಳುದ್ರೂ ಮಗೀನ ಎತ್ಕಂಡು ಮೇಲಕ್ ಎಂಗೆ ಬರ್ಲಿ? ಮೊದ್ಲು ಮೆಟ್ಲು ಕಟ್ಸಿ. ಆಮೇಲ್ ತಾಳಿ ತನ್ನಿ."

ಹೆಣ್ಣು ಹೀಗೆ ಕರಾರು ಹಾಕುವುದನ್ನು ಕೇಳಿ ಆಕೆಯ ಅಣ್ಣ ಎದ್ದು ನಿಂತರು. ಆಕೆ ಅವರ ಕೈ ಹಿಡಿದು ಕೂರಿಸಿ, "ಸರಿ" ಎಂದರು. ಒಂದು ಮಳೆಗಾಲ ಕಳೆದು ಸುಗ್ಗಿ ಮುಗಿದ ಮೇಲೆ, ಮೆಟ್ಟಿಲು ಕಟ್ಟಿಸಿದ ಸುದ್ದಿಯನ್ನು ಆಕೆಯೇ ತಂದರು. ನಾನು ಹೋದೆ.

ಆ ಊರಿನಲ್ಲಿ ಗಾಳಿ ಒಣಗಾಳಿ, ಬೇಸಿಗೆಯಲ್ಲಿ ಮುಖಕ್ಕೆ ಬೂದಿ ಎರಚಿದ ಹಾಗೆ. ಮರಳಿಲ್ಲ, ನೆರಳಿಲ್ಲ. ಬಾವಿಯ ಮೆಟ್ಟಿಲ ಮೇಲೆ ಕುಳಿತು ಹೊಳೆಯನ್ನು ನೆನೆದು ಅತ್ತ ದಿನಗಳಿವೆ, ಯಾಕೆ ಮುಚ್ಚಿಡಲಿ. ಆದರೆ ಕುಡಿಯುವ ನೀರಿನ ಬಾವಿಗೆ ಹೆಂಗಸು ಇಳಿಯುವುದೇ ಎಂದು ತಕರಾರು ಎತ್ತಿದವರಿಗೆಲ್ಲ ಅತ್ತೆಯೂ ನಾನೂ ಒಟ್ಟಿಗೆ ನಿಂತು ಉತ್ತರ ಕೊಟ್ಟೆವು. ಊರಿನ ಮಕ್ಕಳು ಆ ಬಾವಿಗೆ ಬೀಳುವುದು ನಿಲ್ಲಲಿಲ್ಲ, ಮಕ್ಕಳು ಮಕ್ಕಳೇ. ನಾನು ಆ ಊರು ಸೇರಿದ ಮೇಲೆ ಅಲ್ಲಿ ಸತ್ತದ್ದು ಮಾತ್ರ ಒಂದೂ ಇಲ್ಲ.